ಶಿರಸಿಯ ಅಣಬೆ ಶೆಡ್ಡಿನ ತುಕ್ಕುಬಣ್ಣದ ನೊಣ: ಹೊಸ ಪ್ರಭೇದವೋ, ಹಳೆಯದೋ?

ಶಿರಸಿ ತಾಲ್ಲೂಕಿನ ಒಂದು ಹಳ್ಳಿ. ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನಬೆಟ್ಟ, ನಡುವೆ ಮನೆ. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ. ಅಲ್ಲಿ ಚಿಪ್ಪಣಬೆಯ ಚೀಲಗಳು ನೇತಾಡುತ್ತವೆ. ಭತ್ತದ ಹುಲ್ಲು ಕತ್ತರಿಸಿ, ನೆನೆಸಿ, ಬೇಯಿಸಿ, ನೀರು ಬಸಿದು, ಪದರ ಪದರವಾಗಿ ಅಣಬೆ ಬೀಜ ಹಾಕಿ ತುಂಬಿದ ಚೀಲಗಳು. ಮನೆಯ ಸೊಸೆ ಇದನ್ನು ನಡೆಸುತ್ತಾರೆ. ಅವರನ್ನು ಇಲ್ಲಿ ಅಕ್ಕ ಎಂದೇ ಕರೆಯುತ್ತೇನೆ. ಚಿಪ್ಪಣಬೆಗೆ ಶೇಕಡಾ 80ಕ್ಕಿಂತ ಜಾಸ್ತಿ ತೇವ ಬೇಕು. ಶಿರಸಿಯ ಮಳೆಗಾಲದಲ್ಲಿ ಅದಕ್ಕೆ ಬರವೇನೂ ಇಲ್ಲ. ಆದರೆ ಆ ತೇವ ಅಣಬೆಗೆ ಹಿತವಾದಷ್ಟೇ ನೊಣಕ್ಕೂ ಹಿತ.

ಅಕ್ಕನ ತಕರಾರು ನನ್ನ ಹತ್ತಿರ ಬಂದದ್ದು ನಮ್ಮ ಪ್ರಾಣಿಶಾಸ್ತ್ರ ತರಗತಿಯ ವಿದ್ಯಾರ್ಥಿನಿಯೊಬ್ಬಳ ಮೂಲಕ. ಅವಳಿಗೆ ಅಕ್ಕ ಚಿಕ್ಕಮ್ಮ ಆಗಬೇಕು. ಶೆಡ್ಡಿನಲ್ಲಿ ನೇತುಹಾಕಿದ್ದ ಹಳದಿ ಅಂಟುಕಾಗದವನ್ನು ಅವಳು ತಂದು ಮೇಜಿನ ಮೇಲಿಟ್ಟಳು. ತುಂಬ ಚಿಕ್ಕ ಕಪ್ಪು ನೊಣಗಳು ಮೆತ್ತಿಕೊಂಡಿದ್ದವು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಬೇರೆ ಥರದ ನೊಣ. ಉದ್ದ ಕಾಲು, ಗೂನು ಬೆನ್ನು, ತುಕ್ಕು ಹಿಡಿದ ಕಬ್ಬಿಣದ ಬಣ್ಣ, ರೆಕ್ಕೆಯಲ್ಲಿ ಮಸುಕು ಮಚ್ಚೆ. ಕಪ್ಪು ನೊಣಕ್ಕಿಂತ ಎರಡು ಪಟ್ಟು ದೊಡ್ಡದು.

ಈ ತುಕ್ಕುಬಣ್ಣದ ನೊಣವೇ ಈ ಪ್ರಕರಣ. ಇದು ವಿಜ್ಞಾನಕ್ಕೆ ಹೊಸ ಪ್ರಭೇದವೇ? ಹೌದಾದರೆ ಹಾಗೆಂದು ಹೇಳಲು ಏನೇನು ಬೇಕು? ನಮ್ಮ ಜಿಲ್ಲೆಯಲ್ಲಿ ಕಪ್ಪೆ, ಏಡಿ, ಗಿಡ ಹೀಗೆ ಹೊಸ ಪ್ರಭೇದದ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಸುದ್ದಿಯಲ್ಲಿ ‘ಪತ್ತೆ’ ಎಂಬ ಮಾತು ಇರುತ್ತದೆ. ಪತ್ತೆಯಾದ ಮೇಲಿನ ಕೆಲಸ ಇರುವುದಿಲ್ಲ. ಇಲ್ಲಿ ನಾನು ಬರೆಯುತ್ತಿರುವುದು ಆ ಕೆಲಸದ ಬಗ್ಗೆ.

ಎರಡು ನೊಣ, ಎರಡು ಕುಟುಂಬ

ಅಣಬೆ ನೊಣ ಎಂದು ನಾವು ಒಂದೇ ಹೆಸರಲ್ಲಿ ಕರೆಯುವುದು ಹಲವು ಕುಟುಂಬಗಳ ಗುಂಪನ್ನು. ಅಂಟುಕಾಗದದಲ್ಲಿದ್ದ ಕಪ್ಪು ನೊಣ ಸಿಯಾರಿಡೆ ಕುಟುಂಬದ್ದು. ಅದನ್ನು ಗುರುತಿಸುವುದು ಸುಲಭ. ಎಡಗಣ್ಣು ಬಲಗಣ್ಣು ಕೊಂಬಿನಂಥ ಮೀಸೆಯ ಮೇಲ್ಗಡೆ ಒಂದು ಸಣ್ಣ ಸೇತುವೆಯ ಮೂಲಕ ಕೂಡಿಕೊಂಡಿರುತ್ತವೆ. ರೆಕ್ಕೆಯ ನಡುವಿನ ನರ ಅಂಚಿನ ಕಡೆ ಎರಡಾಗಿ ಕವಲೊಡೆಯುತ್ತದೆ. ಅಣಬೆ ಬೆಳೆಯುವವರಿಗೆ ಇದು ಹಳೇ ಶತ್ರು. ಬ್ರಾಡಿಸಿಯಾ, ಲೈಕೊರಿಯೆಲ್ಲಾ ಎಂಬ ಕುಲಗಳ ನೊಣಗಳು ಜಗತ್ತಿನ ಬಹಳ ಕಡೆ ಅಣಬೆ ಮನೆಗೂ ನರ್ಸರಿಗೂ ಕಾಟ ಕೊಡುತ್ತವೆ.

ತುಕ್ಕುಬಣ್ಣದ್ದಕ್ಕೆ ಕಣ್ಣಿನ ಸೇತುವೆ ಇರಲಿಲ್ಲ. ಸೊಂಟದ ಹತ್ತಿರ ಕಾಲಿನ ಬುಡದ ತುಂಡು ತುಂಬ ಉದ್ದ. ಕಾಲಿನ ನಡುಭಾಗದ ತುದಿಯಲ್ಲಿ ಉದ್ದುದ್ದ ಮುಳ್ಳು. ಇದು ಮೈಸೆಟೊಫಿಲಿಡೆ, ಅಂದರೆ ಅಸಲಿ ಅಣಬೆ ನೊಣಗಳ ಕುಟುಂಬ. ರೆಕ್ಕೆಯ ಮುಂಭಾಗದಲ್ಲಿ ನರಗಳ ನಡುವೆ ಒಂದು ಪುಟ್ಟ ಮುಚ್ಚಿದ ಕೋಶ ಇತ್ತು. ಅದನ್ನೂ ಬಣ್ಣ ಮಚ್ಚೆಗಳನ್ನೂ ಸೇರಿಸಿ ನೋಡಿದಾಗ ನಿಯೋಎಂಫೀರಿಯಾ ಎಂಬ ಕುಲಕ್ಕೆ ಬಂದು ನಿಂತೆವು. 1878ರಲ್ಲಿ ಓಸ್ಟೆನ್ ಸಾಕೆನ್ ಸ್ಥಾಪಿಸಿದ ಕುಲ ಇದು.

ಕುಲದವರೆಗೆ ಬರುವುದು ಬೇಗ ಆಯಿತು. ಅಲ್ಲಿಂದ ಮುಂದೆ ಗಾಡಿ ನಿಂತಿತು.

ಅಂಟುಕಾಗದದ ನೊಣ ಕುಲ ಹೇಳುವುದಕ್ಕೆ ಸಾಕು, ಪ್ರಭೇದ ವಿವರಿಸುವುದಕ್ಕೆ ಸಾಲದು. ಅಂಟಿನಿಂದ ಬಿಡಿಸುವಾಗ ಕೂದಲು ಉದುರುತ್ತದೆ, ಕಾಲು ಕಿತ್ತು ಬರುತ್ತದೆ. ಮೈಸೆಟೊಫಿಲಿಡೆಯಲ್ಲಿ ಎದೆಯ ಮೇಲಿನ ಒಂದೊಂದು ಕೂದಲಿನ ಜಾಗವೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಜೀವಂತ ನೊಣ ಬೇಕು. ಅದಕ್ಕಿಂತ ಒಳ್ಳೆಯದು, ಅದು ಎಲ್ಲಿ ಬೆಳೆಯುತ್ತಿದೆ ಎಂದು ಹುಡುಕಿ ಅಲ್ಲಿಂದಲೇ ಹೊರಬರುವಂತೆ ಮಾಡುವುದು.

ಚೀಲದ ತಳದಲ್ಲಿ ಬಲೆ

ಅಕ್ಕನ ಕಣ್ಣು ಚುರುಕು. ನಾವು ಹೋಗುವ ಮೊದಲೇ ಅವರು ಎರಡು ಬಗೆಯ ಹುಳುವನ್ನು ಬೇರೆ ಮಾಡಿ ತೋರಿಸಿದರು. ಕಪ್ಪು ನೊಣದ ಮರಿಹುಳು ಹುಲ್ಲಿನ ಒಳಗಿರುತ್ತದೆ. ಬಿಳಿ ಮೈ, ಹೊಳೆಯುವ ಕಪ್ಪು ತಲೆ. ಇನ್ನೊಂದು ಹಳೆಯ ಚೀಲಗಳ ಮೇಲ್ಮೈಯಲ್ಲಿ, ಅಣಬೆಯ ಪಕಳೆಯ ಅಡಿಗೆ ಇರುತ್ತದೆ. ಗಾಜಿನಂಥ ಮೈ, ಉದ್ದ ಜಾಸ್ತಿ. ಅದು ಲೋಳೆ ಹಚ್ಚಿದ ತೆಳ್ಳನೆಯ ನೂಲಿನ ಬಲೆ ನೇಯ್ದುಕೊಂಡು, ಆ ನೂಲಿನ ಮೇಲೆಯೇ ಹಿಂದೆ ಮುಂದೆ ಜಾರುತ್ತದೆ.

ಬಲೆ ನೇಯುವ ಅಣಬೆ ನೊಣಗಳು ಬೇರೆ ಕುಟುಂಬದಲ್ಲೂ ಇವೆ. ನ್ಯೂಜಿಲ್ಯಾಂಡಿನ ವೈಟೊಮೊ ಗುಹೆಯ ಚಾವಣಿಯಲ್ಲಿ ನೀಲಿ ಬೆಳಕು ಬೀರುತ್ತ ಅಂಟುನೂಲು ಇಳಿಬಿಟ್ಟು ಬೇಟೆಯಾಡುವುದು ಕೆರೊಪ್ಲಾಟಿಡೆ ಕುಟುಂಬದ ನೊಣದ ಮರಿ. ಇದನ್ನು ಹೇಳಿದ್ದೇ ತಡ, ವಿದ್ಯಾರ್ಥಿಗಳು ಶೆಡ್ಡಿನ ಲೈಟು ಆರಿಸಿ ಕೂತರು. ಏನೂ ಹೊಳೆಯಲಿಲ್ಲ. ಅಕ್ಕನ ಮಾವ ಹೊರಗಿನಿಂದ ‘ಕರೆಂಟ್ ಹೋತನ?’ ಎಂದು ಕೇಳಿದರು, ಅಷ್ಟೇ.

ಬಲೆ ಇದ್ದ ಅಣಬೆ ತುಂಡುಗಳನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ತಳಕ್ಕೆ ಒದ್ದೆ ಮಣ್ಣು ಹರಡಿ, ಬಾಯಿಗೆ ತೆಳು ಬಟ್ಟೆ ಕಟ್ಟಿದೆವು. ಮರಿ, ಕೋಶ (ಹುಳು ನೊಣವಾಗುವ ಮೊದಲಿನ ಹಂತ), ನೊಣ ಮೂರೂ ಒಂದೇ ಡಬ್ಬಿಯಲ್ಲಿ ಸಿಕ್ಕರೆ ಅದರ ಬೆಲೆಯೇ ಬೇರೆ. ಎಷ್ಟೋ ಅಣಬೆ ನೊಣಗಳ ವಿವರಣೆ ಬಲೆಗೆ ಬಿದ್ದ ನೊಣದ ಮೇಲಷ್ಟೇ ನಿಂತಿದೆ. ಮರಿ ಏನು ತಿನ್ನುತ್ತದೆ, ಎಲ್ಲಿರುತ್ತದೆ ಎಂಬ ಸುಳಿವೇ ಅವುಗಳಲ್ಲಿ ಇಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಕೋಶದಿಂದ ಆಗಷ್ಟೇ ಹೊರಬಂದ ನೊಣ ಪೇಲವವಾಗಿರುತ್ತದೆ. ಬಣ್ಣ ಕೂತು ಮೈ ಗಟ್ಟಿಯಾಗಲು ಸಮಯ ಕೊಡಬೇಕು. ಕೂಡಲೇ ಸ್ಪಿರಿಟ್ಟಿಗೆ ಹಾಕಿದರೆ ತುಕ್ಕುಬಣ್ಣದ ನೊಣ ಹಳದಿ ನೊಣವಾಗಿ ದಾಖಲಾಗುತ್ತದೆ. ಮುಂದೆ ಯಾರಾದರೂ ‘ಹಳದಿ ಬಣ್ಣದ ಬೇರೊಂದು ಪ್ರಭೇದ’ ಎಂದು ಅದಕ್ಕೂ ಒಂದು ಹೆಸರಿಟ್ಟುಬಿಡಬಹುದು. ಒಂದು ದಿನ ಬಿಟ್ಟು, ನಂತರ ಕೆಲವನ್ನು ಶೇಕಡಾ 80ರ ಆಲ್ಕೋಹಾಲಿಗೂ, ಕೆಲವನ್ನು ಡಿಎನ್‌ಎ ಸಲುವಾಗಿ ಶೇಕಡಾ 95ರದ್ದಕ್ಕೂ ಹಾಕಿದೆವು.

ಚೀಟಿ ಬರೆಯುವ ಕೆಲಸ ಹುಡುಗರಿಗೆ ಬೇಸರದ್ದು. ಆದರೆ ಚೀಟಿ ಇಲ್ಲದ ನೊಣ ಕಸಕ್ಕೆ ಸಮ. ಊರು, ಅಕ್ಷಾಂಶ ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ತಾರೀಕು, ಹಿಡಿದವರು, ಹಿಡಿದ ಬಗೆ, ಯಾವ ಅಣಬೆಯಿಂದ ಬಂತು ಎಲ್ಲವನ್ನೂ ಪೆನ್ಸಿಲ್ಲಿನಲ್ಲಿ ಬರೆದು ಬಾಟಲಿಯ ಒಳಗೇ ಹಾಕಬೇಕು. ಬಾಲ್ ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿ ಹೋಗುತ್ತದೆ.

ಕಟ್ಟಿಗೆ ರಾಶಿಯ ನೊಣ

ಶೆಡ್ಡಿಗೆ ತಾಗಿಕೊಂಡೇ ಕಟ್ಟಿಗೆ ರಾಶಿ ಇತ್ತು. ಹುಲ್ಲು ಬೇಯಿಸಲು ಬೇಕಲ್ಲ. ಅದರ ತಳದ ದಿಮ್ಮಿಗಳು ಒದ್ದೆಯಾಗಿ ಅಣಬೆ ಬಂದಿತ್ತು. ತುಕ್ಕುಬಣ್ಣದ ನೊಣ ಅಲ್ಲೂ ಹಾರಾಡುತ್ತಿತ್ತು. ‘ಇಲ್ಲಿಂದಲೇ ಒಳಗೆ ಹೋಗ್ತದೆ ಕಾಣ್ತದೆ’ ಎಂದರು ಅಕ್ಕ. ನಮಗೂ ಹಾಗೇ ಅನಿಸಿತು. ದಿಮ್ಮಿಗೆ ಬಲೆ ಹೊದಿಸಿ ಮೇಲ್ತುದಿಗೆ ಬಾಟಲಿ ಕಟ್ಟಿದೆವು. ಕೆಲವೇ ನೊಣ ಸಿಕ್ಕವು, ಬಹುಪಾಲು ಗಂಡು.

ಬರಿಗಣ್ಣಿಗೆ ಶೆಡ್ಡಿನದೂ ಕಟ್ಟಿಗೆಯದೂ ಒಂದೇ. ಅದೇ ಬಣ್ಣ, ಅದೇ ಮಚ್ಚೆ, ಅದೇ ಅಳತೆ. ವಿದ್ಯಾರ್ಥಿಗಳು ಎಲ್ಲವನ್ನೂ ಒಂದೇ ಪಟ್ಟಿಗೆ ಸೇರಿಸಲು ಹೊರಟಿದ್ದರು. ಬಾಲದ ತುದಿ ನೋಡುವವರೆಗೆ ಬೇಡ ಎಂದು ತಡೆದೆ.

ಅಣಬೆ ನೊಣಗಳಲ್ಲಿ ಗಂಡಿನ ಜನನಾಂಗವೇ ಗುರುತಿನ ಚೀಟಿ. ಹೊರನೋಟಕ್ಕೆ ಅವಳಿಗಳಂತಿರುವ ಎರಡು ಪ್ರಭೇದಗಳು ಅಲ್ಲಿ ಪೂರ್ತಿ ಬೇರೆಯಾಗಿರುತ್ತವೆ. ಹೆಣ್ಣುಗಳಲ್ಲಿ ಈ ವ್ಯತ್ಯಾಸ ಅಷ್ಟು ಸ್ಪಷ್ಟವಲ್ಲ. ಎಷ್ಟೋ ಕುಲಗಳಲ್ಲಿ ಹೆಣ್ಣು ಮಾತ್ರ ಸಿಕ್ಕರೆ ಪ್ರಭೇದ ಹೇಳುವುದೇ ಕಷ್ಟ.

ಕೆಲಸ ಹೀಗೆ. ಹೊಟ್ಟೆಯ ತುದಿಯನ್ನು ಸೂಜಿಯಿಂದ ಬೇರ್ಪಡಿಸಿ ಶೇಕಡಾ 10ರ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಇಡಬೇಕು. ಮಾಂಸ ಕರಗಿ ಗಟ್ಟಿ ಚಿಪ್ಪು ಮಾತ್ರ ಉಳಿಯುತ್ತದೆ. ತೊಳೆದು, ಗ್ಲಿಸರಿನ್ ಹನಿಯಲ್ಲಿಟ್ಟು, ಮೈಕ್ರೋಸ್ಕೋಪಿನಡಿ ಕೆಳಗಿನಿಂದ, ಮೇಲಿನಿಂದ, ಪಕ್ಕದಿಂದ ತಿರುಗಿಸಿ ನೋಡಬೇಕು. ಫೋಟೊ ತೆಗೆದರೆ ಮುಗಿಯಲಿಲ್ಲ. ಫೋಟೊದಲ್ಲಿ ಒಂದು ಪದರ ಮಾತ್ರ ಫೋಕಸ್ಸಿನಲ್ಲಿರುತ್ತದೆ. ಕೈಯಲ್ಲಿ ಚಿತ್ರ ಬರೆಯುವಾಗಲೇ ಯಾವ ಹಾಲೆ ಯಾವುದರ ಹಿಂದಿದೆ ಎಂದು ತಿಳಿಯುವುದು. ಈ ವಿಷಯದಲ್ಲಿ ನಾನು ಹಳೇ ಕಾಲದವನು, ಇರಲಿ. ನೋಡಿ ಆದ ಮೇಲೆ ಆ ತುದಿಯನ್ನು ಪುಟ್ಟ ಬಾಟಲಿಗೆ ಹಾಕಿ, ಅದೇ ನೊಣದ ಮೈಯ ಜೊತೆ ಅದೇ ನಂಬರಿನಲ್ಲಿ ಇಡಬೇಕು. ನಂಬರು ಅದಲುಬದಲಾದರೆ ಅಲ್ಲಿಗೆ ಮುಗಿಯಿತು.

ಶೆಡ್ಡಿನ ಗಂಡುಗಳಲ್ಲಿ, ಹೆಣ್ಣನ್ನು ಹಿಡಿದುಕೊಳ್ಳುವ ಹಿಡಿಕೆಯ ಒಳಹಾಲೆ ಕೊಕ್ಕೆಯಾಗಿ ಬಾಗಿ ತುದಿಯಲ್ಲಿ ಒಂದು ಗಟ್ಟಿ ಕಪ್ಪು ಮುಳ್ಳು ಹೊತ್ತಿತ್ತು. ಎಲ್ಲ ಗಂಡುಗಳಲ್ಲೂ ಹಾಗೇ. ಕಟ್ಟಿಗೆಯ ಗಂಡುಗಳಲ್ಲಿ ಆ ಹಾಲೆ ಎರಡಾಗಿ ಸೀಳಿತ್ತು, ಮುಳ್ಳು ಇರಲಿಲ್ಲ. ನಡುವಿನ ರೂಪ ಒಂದೂ ಸಿಗಲಿಲ್ಲ.

ಅಂದರೆ ಕೊಟ್ಟಿಗೆಯ ಗೋಡೆಯ ಆಚೆ ಈಚೆ ಎರಡು ಪ್ರಭೇದ. ಕಟ್ಟಿಗೆಯಿಂದ ನೊಣ ಒಳಗೆ ಬರುತ್ತಿದೆ ಎಂಬ ನಮ್ಮ ಊಹೆ ಅಲ್ಲಿಗೆ ಬಿತ್ತು.

1912ರ ಹೆಸರು

ಈಗ ಮುಖ್ಯ ಪ್ರಶ್ನೆ. ಎರಡರಲ್ಲಿ ಹೊಸದು ಯಾವುದು? ಎರಡೂ ಹೊಸದೇ? ಎರಡೂ ಹಳೆಯದೇ?

ತುಕ್ಕುಬಣ್ಣದ ನಿಯೋಎಂಫೀರಿಯಾ ಎಂದ ಕೂಡಲೇ ಒಂದು ಹೆಸರು ಎದುರಿಗೆ ಬಂದು ನಿಲ್ಲುತ್ತದೆ: ನಿಯೋಎಂಫೀರಿಯಾ ಫೆರುಜಿನಿಯಾ. ಹೆಸರಿಟ್ಟವರು ಎನ್ರಿಕೊ ಬ್ರುನೆಟ್ಟಿ, 1912ರಲ್ಲಿ. ಅದೇ ವರ್ಷ ಬ್ರಿಟಿಷ್ ಇಂಡಿಯಾದ ಪ್ರಾಣಿಗಳ ಗ್ರಂಥಮಾಲೆಯಲ್ಲಿ ನೊಣ ಸೊಳ್ಳೆಗಳ ಒಂದು ದೊಡ್ಡ ಸಂಪುಟವನ್ನು ಅವರು ಬರೆದರು. ಬ್ರುನೆಟ್ಟಿ ವೃತ್ತಿಯಿಂದ ಸಂಗೀತಗಾರ. ಕಲ್ಕತ್ತಾದಲ್ಲಿ ವರ್ಷಗಟ್ಟಲೆ ಇದ್ದರು. ಇಂದಿಗೂ ಭಾರತದ ಯಾವುದೇ ಚಿಕ್ಕ ನೊಣವನ್ನು ಹಿಡಿದು ಕೂತರೆ ಮೊದಲು ಅವರ ಪುಟ ತೆರೆಯಬೇಕು.

ಆದರೆ ಆ ಕಾಲದ ವಿವರಣೆಗಳಲ್ಲಿ ಬಣ್ಣ, ಮಚ್ಚೆ, ರೆಕ್ಕೆಯ ನರಗಳ ಮಾತೇ ಜಾಸ್ತಿ. ಬಾಲದ ತುದಿಯನ್ನು ಬಿಡಿಸಿ ಚಿತ್ರ ಬರೆಯುವುದು ರೂಢಿಯಾದದ್ದು ಆಮೇಲೆ. ಬಣ್ಣದ ವಿವರಣೆಗೆ ನಮ್ಮ ಎರಡು ನೊಣಗಳೂ ಸರಿಹೊಂದುತ್ತವೆ. ತೊಂದರೆ ಇರುವುದೇ ಅಲ್ಲಿ.

ಇದೇ ತೊಂದರೆ ಜಪಾನಿನಲ್ಲೂ ಆಗಿದೆ. ಅಲ್ಲಿ ಮರದ ಪುಡಿಯ ಮೇಲೆ ಶಿಟಾಕೆ ಅಣಬೆ ಬೆಳೆಯುವವರಿಗೆ ನಿಯೋಎಂಫೀರಿಯಾದ ಮರಿಹುಳು ದೊಡ್ಡ ಕಾಟ. ಅದನ್ನು ಬಹಳ ಕಾಲ ಬ್ರುನೆಟ್ಟಿಯ ಹೆಸರಿನಲ್ಲೇ ಗುರುತಿಸುತ್ತಿದ್ದರು. 2014ರಲ್ಲಿ ಸುಯೆಯೋಶಿ ಎಂಬ ಜಪಾನಿ ಸಂಶೋಧಕರು ಫೆರುಜಿನಿಯಾಕ್ಕೆ ಹತ್ತಿರದ ನೊಣಗಳನ್ನೆಲ್ಲ ಮತ್ತೆ ಪರೀಕ್ಷಿಸಿ, ಜಪಾನ್ ಮತ್ತು ಸುತ್ತಲ ಪ್ರದೇಶದಿಂದ 11 ಹೊಸ ಪ್ರಭೇದಗಳನ್ನು ವಿವರಿಸಿದರು. ಒಂದು ಹೆಸರಿನ ನೆರಳಲ್ಲಿ ಅಷ್ಟು ಪ್ರಭೇದ ಕೂತಿದ್ದವು.

ಹಾಗಾದರೆ ನಮ್ಮದೂ ಹೊಸದೇ ಇರಬೇಕಲ್ವಾ ಸರ್ ಎಂದು ವಿದ್ಯಾರ್ಥಿಗಳು ಕುಣಿದರು. ನನಗೆ ಅನಿಸಿದ್ದು ಉಲ್ಟಾ. ಜಪಾನಿನವರು ತಮ್ಮ ನೊಣ ಭಾರತದ ಫೆರುಜಿನಿಯಾ ಅಲ್ಲ ಎಂದು ತೋರಿಸಬೇಕಿತ್ತು. ನಾವಿರುವುದೇ ಭಾರತದಲ್ಲಿ. ಅಸಲಿ ಫೆರುಜಿನಿಯಾ ನಮ್ಮ ಶೆಡ್ಡಿನಲ್ಲೇ ಹಾರಾಡುತ್ತಿರುವ ಸಾಧ್ಯತೆ ಜಪಾನಿಗಿಂತ ಇಲ್ಲಿ ಜಾಸ್ತಿ.

ಪ್ರಾಣಿಗಳ ಹೆಸರಿನ ಲೋಕದಲ್ಲಿ ಹೆಸರು ಅಂಟಿಕೊಂಡಿರುವುದು ವಿವರಣೆಯ ಮಾತಿಗಲ್ಲ, ಮಾದರಿಗೆ. ಹೆಸರಿಡುವಾಗ ಲೇಖಕ ಯಾವ ನೊಣವನ್ನು ಮೂಲ ಮಾದರಿ ಎಂದು ಇಟ್ಟನೋ ಆ ಒಂದು ನೊಣವೇ ಕೊನೆಯ ಸಾಕ್ಷಿ. ಬ್ರುನೆಟ್ಟಿಯ ನೊಣದ ಬಾಲದಲ್ಲಿ ಕೊಕ್ಕೆ ಇದ್ದರೆ ಶೆಡ್ಡಿನದು ಫೆರುಜಿನಿಯಾ. ಸೀಳು ಇದ್ದರೆ ಕಟ್ಟಿಗೆಯದು ಫೆರುಜಿನಿಯಾ. ಎರಡೂ ಇಲ್ಲದಿದ್ದರೆ ಆಗ ನಮ್ಮ ಎರಡಕ್ಕೂ ಬೇರೆ ದಾರಿ ಹುಡುಕಬೇಕು. ಆಗಲೂ ‘ಹೊಸದು’ ಎನ್ನುವ ಮೊದಲು ಶ್ರೀಲಂಕಾ, ಮ್ಯಾನ್ಮಾರ್, ಚೀನಾ, ಥಾಯ್ಲೆಂಡ್ ಕಡೆಯಿಂದ ವಿವರಿಸಿದ ನಿಯೋಎಂಫೀರಿಯಾಗಳ ಚಿತ್ರಗಳ ಜೊತೆ ಒಂದೊಂದಾಗಿ ಹೋಲಿಸಿ ನೋಡಬೇಕು. ನೊಣಕ್ಕೆ ಗಡಿ ಗೊತ್ತಿಲ್ಲ. ಕಟ್ಟಿಗೆ, ಹುಲ್ಲು, ಅಣಬೆ ಚೀಲದ ಜೊತೆ ಅದು ಎಲ್ಲಿಂದ ಎಲ್ಲಿಗಾದರೂ ಬರಬಹುದು. ಅಣಬೆ ಶೆಡ್ಡಿನ ನೊಣದ ಮೇಲೆ ನನಗೆ ಈ ಅನುಮಾನ ಇನ್ನೂ ಜಾಸ್ತಿ.

ಹಾಗಾಗಿ ಮೂಲ ಮಾದರಿಯ ಬಾಲದ ಚಿತ್ರ ಬೇಕೆಂದು ಸಂಗ್ರಹಾಲಯಕ್ಕೆ ಬರೆದಿದ್ದೇವೆ. ನಮ್ಮ ಕೊಕ್ಕೆಯದೂ ಸೀಳಿನದೂ ಚಿತ್ರಗಳನ್ನು ಜೊತೆಗೆ ಕಳಿಸಿದ್ದೇವೆ. ಸುಮ್ನೆ ‘ನಿಮ್ಮ ಮಾದರಿಯ ಫೋಟೊ ಕಳಿಸಿ’ ಎಂದು ಬರೆದರೆ ಪಕ್ಕದಿಂದ ತೆಗೆದ ಇಡೀ ನೊಣದ ಫೋಟೊ ಬರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಯಾವ ಹಾಲೆ, ಯಾವ ಕೋನದಿಂದ ಎಂದು ಬಾಣ ಹಾಕಿ ಕೇಳಬೇಕು. ನೂರು ವರ್ಷ ದಾಟಿದ ಒಣ ಮಾದರಿಯ ಬಾಲ ಕತ್ತರಿಸಿ ಎಂದು ಕೇಳುವುದು ಸಣ್ಣ ಮಾತಲ್ಲ ಎಂಬುದೂ ನೆನಪಿರಬೇಕು.

ಡಿಎನ್‌ಎ ಏನು ಮಾಡಿತು, ಏನು ಮಾಡಲಿಲ್ಲ

‘ಇಷ್ಟೆಲ್ಲ ಯಾಕೆ, ಡಿಎನ್‌ಎ ಮಾಡಿದರೆ ಆಯ್ತಲ್ಲ’ ಎಂದು ಕೇಳುವವರಿದ್ದಾರೆ. ಮಾಡಿಸಿದೆವು. ಪ್ರಾಣಿಗಳಿಗೆ ಬಾರ್‌ಕೋಡ್ ಎಂದು ಬಳಸುವುದು ಸಿಓಐ ಎಂಬ ಜೀನಿನ 658 ಅಕ್ಷರಗಳ ಒಂದು ತುಂಡು. ನೊಣದ ಒಂದು ಕಾಲು ಸಾಕು.

ಅದರಿಂದ ಎರಡು ಉಪಕಾರ ಆಯಿತು. ಶೆಡ್ಡಿನ ಗುಂಪು, ಕಟ್ಟಿಗೆಯ ಗುಂಪು ಬೇರೆ ಬೇರೆಯಾಗಿ ಬಂದವು. ಬಾಲದ ತುದಿ ಹೇಳಿದ್ದನ್ನೇ ಡಿಎನ್‌ಎ ಕೂಡ ಹೇಳಿತು. ಎರಡನೆಯದು, ಯಾವ ಹೆಣ್ಣು ಯಾವ ಗಂಡಿನ ಜೊತೆಗಾತಿ ಎಂದು ತಿಳಿಯಿತು. ಕಣ್ಣಿನಿಂದ ಅದನ್ನು ಹೇಳುವುದು ನಮ್ಮಿಂದ ಆಗಿರಲಿಲ್ಲ. ಶೆಡ್ಡಿನ ಮರಿಹುಳುವನ್ನೂ ಹೀಗೇ ಜೋಡಿಸಿದೆವು.

ಆದರೆ ಹೆಸರು? ಬ್ರುನೆಟ್ಟಿಯ ಮೂಲ ಮಾದರಿಯ ಬಾರ್‌ಕೋಡ್ ಎದುರಿಗಿಲ್ಲದೆ ಡಿಎನ್‌ಎ ಯಾರ ಜೊತೆ ಹೋಲಿಸಬೇಕು? ಡೇಟಾಬೇಸಿನಲ್ಲಿ ಒಂದು ಹೆಸರಿನಡಿ ಇರುವ ಬಾರ್‌ಕೋಡ್, ಆ ಹೆಸರು ಬರೆದವರು ಎಷ್ಟು ಸರಿಯಾಗಿ ಗುರುತಿಸಿದ್ದರೋ ಅಷ್ಟೇ ಸರಿ.

2021ರಲ್ಲಿ ಶಾರ್ಕಿ ಮತ್ತು ಜೊತೆಗಾರರು ಕೋಸ್ಟರಿಕಾದ 403 ಹೊಸ ಪರಾವಲಂಬಿ ಕಣಜಗಳಿಗೆ ಬಹುಪಾಲು ಬಾರ್‌ಕೋಡಿನ ಬಲದ ಮೇಲೆಯೇ ಹೆಸರಿಟ್ಟರು. ಅದರ ಮೇಲೆ ದೊಡ್ಡ ಜಗಳವೇ ಆಯಿತು. ಕೀಟಗಳು ಇಷ್ಟಿವೆ, ಹೆಸರಿಡುವವರು ಇಷ್ಟೇ ಇದ್ದಾರೆ, ಕಾಡು ಬೇಗ ಖಾಲಿಯಾಗುತ್ತಿದೆ ಎಂಬ ಅವರ ಆತುರ ನನಗೆ ಅರ್ಥವಾಗುತ್ತದೆ. ಸಿಂಗಪುರದಂಥ ಪುಟ್ಟ ನಾಡಿನಲ್ಲೇ ನೂರಕ್ಕೂ ಜಾಸ್ತಿ ಮೈಸೆಟೊಫಿಲಿಡೆ ಪ್ರಭೇದ ಸಿಕ್ಕಿವೆ, ಸಿಕ್ಕಾಗ ಹೆಚ್ಚಿನವಕ್ಕೆ ಹೆಸರಿರಲಿಲ್ಲ. ಆದರೂ ನಮ್ಮ ವಿಷಯದಲ್ಲಿ ನಾನು ಬಾರ್‌ಕೋಡ್ ಒಂದರ ಮೇಲೆ ಹೋಗಲು ಒಪ್ಪುವುದಿಲ್ಲ. ನಾಳೆ ಕುಮಟಾದಲ್ಲೋ ಯಲ್ಲಾಪುರದಲ್ಲೋ ಒಬ್ಬ ವಿದ್ಯಾರ್ಥಿ ಕಾಲೇಜಿನ ಹಳೇ ಮೈಕ್ರೋಸ್ಕೋಪಿನಲ್ಲಿ ಇದೇ ನೊಣ ನೋಡಿದರೆ ಅವನಿಗೆ ಗುರುತು ಸಿಗಬೇಕು. ಅವನ ಹತ್ತಿರ ಸೀಕ್ವೆನ್ಸಿಂಗಿಗೆ ದುಡ್ಡಿರುವುದಿಲ್ಲ.

ಬೆಟ್ಟಕ್ಕೆ ಹೋಗಲು ಕಾಗದ

ಕಟ್ಟಿಗೆ ಬಂದದ್ದು ಮೇಲಿನ ಸೊಪ್ಪಿನಬೆಟ್ಟದಿಂದ. ಕಟ್ಟಿಗೆಯ ನೊಣದ ನಿಜವಾದ ಮನೆ ಅಲ್ಲಿರಬೇಕು. ಬೆಟ್ಟದಲ್ಲಿ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಹಕ್ಕು ತೋಟದವರಿಗಿದೆ, ಆದರೆ ಜಾಗ ಸರ್ಕಾರದ್ದು. ಅಲ್ಲಿ ಸಂಶೋಧನೆಗೆಂದು ಕೀಟ ಹಿಡಿಯಬೇಕಾದರೆ ಅರಣ್ಯ ಇಲಾಖೆಯ ಪರವಾನಗಿ ಬೇಕು. ಅಕ್ಕನ ಮಾವನಿಗೆ ಇದು ತಮಾಷೆಯಾಗಿ ಕಂಡಿತು. ‘ದರಕು ಹೊರೆಗಟ್ಟಲೆ ತಂದರೆ ಕೇಳೋರಿಲ್ಲ, ಒಂದು ನೊಣಕ್ಕೆ ಅರ್ಜಿಯಾ ಮಾಸ್ತರೆ?’

ತಮಾಷೆ ನಿಜವೇ. ಆದರೆ ಪರವಾನಗಿ ಇಲ್ಲದೆ ಹಿಡಿದ ನೊಣವನ್ನು ಮೂಲ ಮಾದರಿ ಮಾಡಿದರೆ ಮುಂದೆ ಸಂಶೋಧನಾ ಪತ್ರಿಕೆಯವರೂ ಸಂಗ್ರಹಾಲಯದವರೂ ಕೇಳುತ್ತಾರೆ. ಆದ್ದರಿಂದ ನಮ್ಮ ಕೈಯಲ್ಲಿರುವುದು ಮನೆಯಂಗಳದ ನೊಣಗಳು ಮಾತ್ರ. ಮಳೆಗಾಲದಲ್ಲಿ ಬೆಟ್ಟದ ದಾರಿಯಂಚಿಗೆ ಹಾವಿನ ಹೆಡೆಯಂಥ ಅರಿಸೀಮ ಹೂ ಬರುತ್ತದಲ್ಲ, ಅದರ ಪರಾಗಸ್ಪರ್ಶ ಮಾಡುವುದು ಅಣಬೆ ನೊಣಗಳೇ. ಗಂಡು ಹೂವಿನ ತಳದಲ್ಲಿ ನೊಣ ಹೊರಬರಲು ಸಣ್ಣ ಕಿಂಡಿ ಇರುತ್ತದೆ, ಹೆಣ್ಣು ಹೂವಿನಲ್ಲಿ ಇರುವುದಿಲ್ಲ. ಒಳಗೆ ಸಿಕ್ಕವು ಅಲ್ಲೇ ಸಾಯುತ್ತವೆ. ಕಾಗದ ಬಂದ ಮೇಲೆ ಅದನ್ನೂ ಬಗ್ಗಿ ನೋಡುವ ಆಸೆ ಇದೆ.

ವಿವರಣೆ ಬರೆಯುವಾಗ

ಕರಡು ತಯಾರಾಗುತ್ತಿದೆ. ಹೆಸರಿನ ಜಾಗ ಖಾಲಿ.

ಪ್ರಾಣಿಗಳ ಹೆಸರಿಗೆ ಅಂತಾರಾಷ್ಟ್ರೀಯ ಸಂಹಿತೆ ಇದೆ. ಲಿನೇಯಸ್ ಕಾಲದಿಂದ, ಅಂದರೆ 1758ರಿಂದ ಹೆಸರುಗಳ ಲೆಕ್ಕ. ಈಗ ನಡೆಯುತ್ತಿರುವುದು ಸಂಹಿತೆಯ ನಾಲ್ಕನೇ ಆವೃತ್ತಿ, 2000ದ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹೊಸ ಪ್ರಭೇದಕ್ಕೆ ಬೇರೆಯವುಗಳಿಂದ ಬೇರ್ಪಡಿಸುವ ಲಕ್ಷಣಗಳನ್ನು ಮಾತಿನಲ್ಲಿ ಹೇಳಿರಬೇಕು. ಮೂಲ ಮಾದರಿಯನ್ನು ಸ್ಪಷ್ಟವಾಗಿ ಗೊತ್ತುಮಾಡಿರಬೇಕು. ಅದು ಯಾವ ಸಂಗ್ರಹದಲ್ಲಿ ಇರುತ್ತದೆ ಎಂದು ಬರೆದಿರಬೇಕು. ಆನ್‌ಲೈನ್ ಪತ್ರಿಕೆಯಲ್ಲಿ ಮಾತ್ರ ಪ್ರಕಟವಾಗುವುದಾದರೆ 2012ರ ತಿದ್ದುಪಡಿಯ ಪ್ರಕಾರ ಪ್ರಾಣಿಗಳ ಹೆಸರಿನ ನೋಂದಣಿ ತಾಣವಾದ ಝೂಬ್ಯಾಂಕಿನಲ್ಲಿ ಮೊದಲೇ ನೋಂದಾಯಿಸಬೇಕು. ನಮ್ಮ ದೇಶದ 2002ರ ಜೀವವೈವಿಧ್ಯ ಕಾಯ್ದೆ ಇನ್ನೊಂದು ಮಾತು ಸೇರಿಸುತ್ತದೆ. ಹೊಸ ಪ್ರಭೇದದ ಮಾದರಿಯನ್ನು ಸರ್ಕಾರ ಗೊತ್ತುಮಾಡಿದ ಭಂಡಾರಕ್ಕೆ ಒಪ್ಪಿಸಬೇಕು. ಪ್ರಾಣಿಗಳ ಮಟ್ಟಿಗೆ ಅಂಥ ದೊಡ್ಡ ಭಂಡಾರ ಕೋಲ್ಕತ್ತಾದ ಭಾರತೀಯ ಪ್ರಾಣಿ ಸರ್ವೇಕ್ಷಣೆ. ಕಾಲೇಜಿನ ಬೀರುವಿನಲ್ಲಿ ಇಟ್ಟುಕೊಂಡರೆ ನಡೆಯುವುದಿಲ್ಲ. ನಡೆಯಬಾರದು ಕೂಡ. ನಮ್ಮ ಬೀರುವಿಗೆ ಮಳೆಗಾಲದಲ್ಲಿ ಬರುವ ಬೂಸ್ಟನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕರಡಿನಲ್ಲಿ ನಾನು ವಿದ್ಯಾರ್ಥಿಗಳ ಹತ್ತಿರ ಮತ್ತೆ ಮತ್ತೆ ತಿದ್ದಿಸಿದ ಭಾಗ ಒಂದೇ, ಗುರುತಿನ ಪ್ಯಾರಾ. ಅವರು ಮೊದಲು ಬರೆದದ್ದು ‘ಮೈ ತುಕ್ಕುಬಣ್ಣ, ರೆಕ್ಕೆಯಲ್ಲಿ ಮಚ್ಚೆ, ಮೀಸೆಯಲ್ಲಿ 16 ತುಂಡು’ ಎಂದು. ಮೂರೂ ನಿಜ, ಮೂರರಿಂದಲೂ ಪ್ರಯೋಜನವಿಲ್ಲ. 16 ತುಂಡಿನ ಮೀಸೆ ಈ ಕುಟುಂಬದಲ್ಲಿ ಸಾಮಾನ್ಯ. ತುಕ್ಕುಬಣ್ಣ ಅರ್ಧ ಕುಲಕ್ಕಿದೆ. ಗುರುತಿನ ಪ್ಯಾರಾ ‘ಇದು ಹೇಗಿದೆ’ ಎಂದು ಹೇಳಿದರೆ ಸಾಲದು, ‘ಪಕ್ಕದ್ದಕ್ಕಿಂತ ಹೇಗೆ ಬೇರೆ’ ಎಂದು ಹೇಳಬೇಕು. ಕೊಕ್ಕೆಯ ಹಾಲೆ, ಅದರ ತುದಿಯ ಒಂಟಿ ಮುಳ್ಳು, ಅದೇ ಜಾಗದಲ್ಲಿ ಹತ್ತಿರದ ಪ್ರಭೇದಗಳಲ್ಲಿ ಏನಿದೆ ಎಂಬುದು. ಬಣ್ಣ, ಅಳತೆ, ಕೂದಲಿನ ಲೆಕ್ಕ ಎಲ್ಲ ಅದರ ಕೆಳಗಿನ ಉದ್ದ ವಿವರಣೆಗೆ ಹೋಗಲಿ. ಅಳತೆಯಲ್ಲೂ ಒಂದು ನೊಣದ್ದು ಮಾತ್ರ ಕೊಟ್ಟು ಕೂರಬಾರದು. ಎಷ್ಟರಿಂದ ಎಷ್ಟು ಎಂದು ಕೊಟ್ಟರೆ ಮುಂದಿನವರಿಗೆ ತಮ್ಮ ನೊಣ ಇದರೊಳಗೆ ಬರುತ್ತದೋ ಇಲ್ಲವೋ ತಿಳಿಯುತ್ತದೆ.

ಹೆಸರಿನ ಚರ್ಚೆ ಮಾತ್ರ ಶೆಡ್ಡಿನಲ್ಲಿ ಜೋರಾಗಿ ನಡೆದಿದೆ. ಜಿಲ್ಲೆಯಲ್ಲಿ ಒಳ್ಳೆಯ ಉದಾಹರಣೆಗಳಿವೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಹೆಸರು 2000ದಲ್ಲಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರಕ್ಕೆ ಸೇರಿತು. ಮೊಟ್ಟೆಗೆ ಕೆಸರು ಮೆತ್ತುವ ಕಪ್ಪೆಗೆ 2014ರಲ್ಲಿ ನಿಕ್ಟಿಬಟ್ರಾಕಸ್ ಕುಂಬಾರ ಎಂದು ಹೆಸರಾಯಿತು. ವಿದ್ಯಾರ್ಥಿಗಳು ಅಕ್ಕನ ಹೆಸರಿಡೋಣ ಎನ್ನುತ್ತಾರೆ. ಅಕ್ಕನಿಗೆ ಒಪ್ಪಿಗೆ ಇಲ್ಲ. ‘ನನ್ನ ಬೆಳೆ ತಿಂದಿದ್ದಕ್ಕೆ ನನ್ನ ಹೆಸರಾ?’ ಎನ್ನುತ್ತಾರೆ. ಯೋಚಿಸಿರುವ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ವಿವರಣೆ ಇಲ್ಲದೆ ಅಚ್ಚಾದ ಹೆಸರಿಗೆ ಬೆಲೆ ಇಲ್ಲ, ಅದು ಮುಂದೆ ಗೊಂದಲ ಮಾತ್ರ ಹುಟ್ಟಿಸುತ್ತದೆ. ‘ಹೊಸ ನೊಣ ಪತ್ತೆ’ ಎಂದು ಬರೆಯಲು ಕೇಳಿದ ಸ್ಥಳೀಯ ವರದಿಗಾರರಿಗೂ ಇದನ್ನೇ ಹೇಳಿ ಕಳಿಸಿದೆ.

ಅಕ್ಕನ ಪ್ರಶ್ನೆ

‘ಹೊಸಾದಾದ್ರೂ ಹಳೇದಾದ್ರೂ ನನ್ನ ಅಣಬೆ ತಿನ್ನೋದು ಅದೇ ಅಲ್ವಾ ಮಾಸ್ತರೆ?’ ಎಂದು ಅಕ್ಕ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಹೆಸರು ಏನೇ ಇರಲಿ, ಎರಡು ನೊಣ ಬೇರೆ ಎಂದು ತಿಳಿದದ್ದರಿಂದ ಅವರಿಗೆ ನೇರ ಲಾಭ ಆಗಿದೆ.

ಕಟ್ಟಿಗೆಯಿಂದ ನೊಣ ಬರುತ್ತಿದೆ ಎಂದು ಅವರು ರಾಶಿಯನ್ನೇ ತೋಟದಾಚೆ ಸಾಗಿಸಲು ಆಳು ಗೊತ್ತುಮಾಡಿದ್ದರು. ಈ ನೊಣದ ಸಲುವಾಗಿ ಅದು ಬೇಡ ಎಂದಾಯಿತು. ಶೆಡ್ಡಿನ ತುಕ್ಕುಬಣ್ಣದ ನೊಣ ಬೆಳೆಯುತ್ತಿದ್ದುದು ಬೆಳೆ ಮುಗಿದರೂ ಮೂಲೆಯಲ್ಲಿ ನೇತಾಡುತ್ತಿದ್ದ ಹಳೇ ಚೀಲಗಳಲ್ಲಿ. ‘ಇನ್ನೊಂದು ಬೆಳೆ ಬರ್ತದೇನೋ’ ಎಂಬ ಆಸೆಗೆ ಇಟ್ಟವು. ಅವನ್ನು ತೆಗೆದು ದೂರದ ಗೊಬ್ಬರಗುಂಡಿಗೆ ಹಾಕಿ ಮಣ್ಣು ಮುಚ್ಚಿದರು. ಇದರ ಮರಿ ಮೇಲ್ಮೈಯಲ್ಲೇ ಬಲೆ ಕಟ್ಟುವುದರಿಂದ ಕಣ್ಣಿಗೆ ಬೀಳುತ್ತದೆ. ಬೆಳಿಗ್ಗೆ ಕೊಯ್ಲಿನ ಹೊತ್ತಿಗೆ ಕಡ್ಡಿಯಲ್ಲಿ ಬಲೆ ಸಮೇತ ಸುತ್ತಿ ತೆಗೆಯುತ್ತಾರೆ. ಕಪ್ಪು ನೊಣಕ್ಕೆ ಈ ಉಪಾಯ ನಡೆಯುವುದಿಲ್ಲ, ಅದರ ಮರಿ ಹುಲ್ಲಿನೊಳಗಿದೆ. ಅದಕ್ಕೆ ಹುಲ್ಲು ಸರಿಯಾಗಿ ಬೇಯಬೇಕು, ಬೀಜ ಹಾಕಿದ ಮೊದಲ ವಾರಗಳಲ್ಲಿ ಚೀಲದ ಹತ್ತಿರ ನೊಣ ಸುಳಿಯಬಾರದು, ಕಿಟಕಿಗೆ ಸಣ್ಣ ಕಣ್ಣಿನ ಬಲೆ ಬೇಕು. ಹಳದಿ ಅಂಟುಕಾಗದಕ್ಕೂ ಬೀಳುವುದು ಹೆಚ್ಚಾಗಿ ಕಪ್ಪು ನೊಣವೇ. ತುಕ್ಕುಬಣ್ಣದ್ದು ಕಾಗದದಲ್ಲಿ ಕಡಿಮೆ ಇದೆ ಎಂದರೆ ಶೆಡ್ಡಿನಲ್ಲಿ ಕಡಿಮೆ ಇದೆ ಎಂದಲ್ಲ.

ಹಳೇ ಚೀಲ ಎಲ್ಲವನ್ನೂ ಎಸೆಯಬೇಡಿ, ಒಂದೆರಡು ಬೇಕು ಎಂದು ಕೇಳಿಕೊಂಡಾಗ ಅಕ್ಕ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಒಪ್ಪಿದರು, ಒಂದು ಷರತ್ತಿನ ಮೇಲೆ. ಆ ಚೀಲಗಳು ಶೆಡ್ಡಿನಲ್ಲಿ ಇರಬಾರದು. ಈಗ ಅವು ಬಾಯಿ ಕಟ್ಟಿಸಿಕೊಂಡು ನಮ್ಮ ಪ್ರಯೋಗಾಲಯದ ಮೂಲೆಯಲ್ಲಿವೆ. ಕಟ್ಟಿಗೆಯ ಪ್ರಭೇದಕ್ಕೆ ಇನ್ನಷ್ಟು ಗಂಡುಗಳು ಬೇಕು. ಸೀಳು ಹಾಲೆಯ ಚಿತ್ರ ಎರಡು ಕೋನದಿಂದ ಮಾತ್ರ ಇದೆ, ಪಕ್ಕದ ನೋಟ ಬಾಕಿ. ಅರಣ್ಯ ಇಲಾಖೆಗೆ ಕೊಟ್ಟ ಅರ್ಜಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಟ್ಟದ ದಿಮ್ಮಿಗಳಿಗೆ ಬಲೆ ಹೊದಿಸಲು ಅನುಮತಿ ಕೇಳಿದ್ದೇವೆ. ಸಂಗ್ರಹಾಲಯದ ಚಿತ್ರ ಅದಕ್ಕಿಂತ ಮೊದಲು ಬಂದರೆ ಕರಡಿನ ಮೊದಲ ಸಾಲು ಬರೆಯಬಹುದು.